ಹಲಗೆ ಕೇಳಿದರೆ ಎಡಕ್ಕೆ

ಕಳೆದ ವಾರ ಮಸ್ಕಿಯ ನನ್ನ ಗೋದಾಮಿನಲ್ಲಿ ಹಳೆಯ ಜಮಖಾನೆಗಳನ್ನು ಬಿಸಿಲಿಗೆ ಹಾಕುತ್ತಿದ್ದಾಗ ಗಂಟಿನ ತಳದಿಂದ ಕೆಂಪು ಮಖಮಲ್ಲಿನ ಹೊದಿಕೆಯೊಂದು ಜಾರಿ ಬಿತ್ತು. ಕುದುರೆಯ ಬೆನ್ನಿಗೆ ಹಾಕುವಂಥದ್ದು. ಜರಿ ಕಪ್ಪಾಗಿತ್ತು, ಒಂದು ಮೂಲೆಯನ್ನು ಇಲಿ ತಿಂದಿತ್ತು. ಕೊಡವಿದರೆ ವಾಸನೆ ಬಂತು. ಒಣಗಿದ ಬೆವರು, ಹುಲ್ಲು, ನೆನೆದ ಕಡಲೆ ಎಲ್ಲ ಸೇರಿದ ವಾಸನೆ. ನನ್ನ ಹೆಂಡತಿ ಗಂಗಮ್ಮ ಬಾಗಿಲಲ್ಲೇ ನಿಂತು ಸೆರಗನ್ನು ಮೂಗಿಗೆ ಹಿಡಿದಳು.

"ಇನ್ನೂ ಇಟ್ಟೀರೇನು ಅದನ್ನ? ಸುಟ್ಟು ಹಾಕ್ರಿ ಅತ್ಲಾಗ."

ಸುಡಲಿಲ್ಲ. ಮಡಚಿ ಮೊಣಕಾಲಿನ ಮೇಲಿಟ್ಟುಕೊಂಡು ಅಲ್ಲೇ ಒಂದು ಕುರ್ಚಿಯಲ್ಲಿ ಕೂತೆ. ಆ ವರ್ಷ ಪೂರಾ ಎದುರಿಗೆ ಬಂದು ನಿಂತಿತು.

ನಾನು ಶಾಮಿಯಾನದವನು. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಶುರು ಮಾಡಿದವನು. ಇವತ್ತು ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಎಲ್ಲಿ ಲಗ್ನವಾದರೂ ಪೆಂಡಾಲು, ಕುರ್ಚಿ, ಪಾತ್ರೆ, ಲೈಟು ನನ್ನವು. ಯಾರ ಹತ್ತಿರವೂ ಕಲಿತದ್ದಲ್ಲ, ಚೌಕಾಸಿ ಮಾಡುತ್ತ ಮಾಡುತ್ತ ಬಂದದ್ದು. ಆ ವರ್ಷ ಗಿರಾಕಿಗಳೆಲ್ಲ ಒಂದೇ ಮಾತು ಕೇಳತೊಡಗಿದ್ದರು: "ಕುದುರಿ ಐತೇನ್ರಿ?" ಮದುಮಗ ಕುದುರೆ ಮೇಲೆ ಬರಬೇಕು, ಫೋಟೊ ತೆಗೆಯಬೇಕು, ಅದೇ ಹೊಸ ಹುಚ್ಚು. ಕುದುರೆ ದೂರದಿಂದ ತರಿಸಬೇಕಿತ್ತು. ಸ್ವಂತದ್ದೊಂದು ಇದ್ದರೆ ಹೇಗೆ ಅನ್ನಿಸಿತು.

ದಸರಾ ಮುಗಿದು ಹಿಂಗಾರಿ ಜೋಳ ಮೊಳಕೆ ಒಡೆಯುವ ಹೊತ್ತಿಗೆ ಗುರುಗುಂಟಾಕ್ಕೆ ಹೋದೆ. ಅಲ್ಲಿ ಕುರಿ ಹಿಂಡಿನ ಜೊತೆ ಊರೂರು ತಿರುಗುವವರು ಸಾಮಾನು ಹೇರಲು ಕುದುರೆ ಸಾಕುತ್ತಾರೆ. ಅವರಲ್ಲೊಬ್ಬನ ಹತ್ತಿರ ಮೂರು ತುಂಬುತ್ತಿದ್ದ ಹೆಣ್ಣು ಮರಿ ಇತ್ತು. ಕೆಂಚು ಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು, ಬೆನ್ನಿಗೆ ಇನ್ನೂ ಹಗ್ಗ ತಾಗದ್ದು. ಪ್ರಾಣಿ ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ. ಮನಸ್ಸಿಗೆ ಬಂದದ್ದನ್ನು ಮೊದಲು ನೋಡಬಾರದು. ನಾನು ಅರ್ಧ ದಿನ ಬೇರೆ ಎರಡು ಕುದುರೆಗಳ ಹಲ್ಲು ನೋಡುತ್ತ ಕಳೆದೆ. ಹೊರಡುವಾಗ ಇದರ ಎದೆಯ ಮೇಲಿನ ಸುಳಿಗೆ ಬೆರಳು ತೋರಿಸಿ, "ಈ ಸುಳಿ ಇದ್ದದ್ದನ್ನ ಯಾರು ಕಟ್ಟತಾರೋ ಮಾರಾಯ?" ಅಂದೆ. ಸುಳಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಮಾರುವವನ ಮುಖ ಇಳಿಯಿತು, ದರವೂ ಇಳಿಯಿತು.

ಕೊಂಡದ್ದೇನೋ ಆಯಿತು, ಪಳಗಿಸುವವರು ಬೇಕಲ್ಲ? ಈರಪ್ಪನ ಹೆಸರು ಹೇಳಿದರು. ಲಿಂಗಸುಗೂರಿನಲ್ಲಿ ಟಾಂಗಾ ಓಡಿಸಿದವನು. ಆಟೋಗಳು ಬಂದ ಮೇಲೆ ಕುದುರೆ ಮಾರಿ ತನ್ನೂರಿಗೆ ಬಂದು ಕೂತಿದ್ದ. ಆ ಊರು ಮಸ್ಕಿಯಿಂದ ಪಾಮನಕಲ್ಲೂರಿನ ಕಡೆ ಹೋಗುವಾಗ ಒಳಗೆ ಸಿಗುತ್ತದೆ. ಹೆಸರು ಬರೆಯುವುದಿಲ್ಲ. ಅರವತ್ತು ದಾಟಿದ ಒಣಕಲು ಮನುಷ್ಯ, ಮಾತು ಕಡಿಮೆ. ಮರಿಯನ್ನು ಸುತ್ತ ನೋಡಿ, "ಕೆಂಚಿ" ಅಂತ ಕರೆದ. ಹೆಸರು ಅದೇ ಆಯಿತು. ಅವನ ಮನೆಯ ಹಿಂದಿನ ಬಯಲಿನಲ್ಲೇ ಕಟ್ಟಿದೆವು.

ಎಂಟು ದಿನ ಬಿಟ್ಟು ಹೋದರೆ ಈರಪ್ಪ ಬಯಲಿನ ನಡುವೆ ಕುದುರೆಗೆ ಬೆನ್ನು ಹಾಕಿ ಬೀಡಿ ಸೇದುತ್ತ ಕೂತಿದ್ದ. ಕೆಂಚಿ ಆ ತುದಿಯಲ್ಲಿ ನಿಂತಿತ್ತು.

"ಏನ್ ಕಲಿಸಿದಿ ಈರಪ್ಪ?"

"ಇನ್ನಾ ಏನಿಲ್ರಿ. ಕುಂತೀನಿ."

"ಕುಂದ್ರಾಕ ಪಗಾರ ಕೊಡಬೇಕೇನು ನಿನಗ?"

"ನೀವೂ ಬಂದು ಕುಂದರ್ರಿ ಸಾವ್ಕಾರ್ರ. ಪಗಾರ ಬ್ಯಾಡ."

ಸಿಟ್ಟು ಬಂದರೂ ಕೂತೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬಿಸಿ ಉಸಿರು ಬಂತು. ಕೆಂಚಿ ಈರಪ್ಪನ ಟವೆಲ್ಲು ಮೂಸುತ್ತಿತ್ತು. ಅವನು ತಿರುಗಲಿಲ್ಲ. "ಅದಾ ಬಂತಲ್ರಿ," ಅಂದ ಅಷ್ಟೆ.

ಚಳಿಯ ಮೊದಲ ದಿನಗಳು ಹೀಗೇ ಹೋದವು. ಕುತ್ತಿಗೆಯ ಮೇಲೆ ಕೈ ಇಡುವುದು, ಅದು ಸರಿಯುವ ಮೊದಲೇ ತಾನೇ ಕೈ ತೆಗೆಯುವುದು. "ಅದು ಸರದ ಮ್ಯಾಲ ನಾವು ಕೈ ತಗದ್ವಿ ಅಂದ್ರ ಸರಿಯೋದನ್ನ ಕಲಿಸಿದಂಗ," ಅನ್ನುತ್ತಿದ್ದ. ಆಮೇಲೆ ಕೊರಳಿಗೆ ಹಗ್ಗ, ಹಿಡಿಯುವುದಕ್ಕಲ್ಲ, ಎಳೆದುಕೊಂಡು ತಿರುಗಲಿ ಎಂದು. ಆಮೇಲೆ ಬೆನ್ನ ಮೇಲೆ ಖಾಲಿ ಗೋಣಿಚೀಲ. ದಿನಕ್ಕೆ ಒಂದೆರಡು ಬೊಗಸೆ ಮರಳು ಅದರೊಳಗೆ. ಚೀಲ ಮನುಷ್ಯನ ತೂಕಕ್ಕೆ ಬರುವ ಹೊತ್ತಿಗೆ ಜೋಳ ತೆನೆ ಕಟ್ಟಿತ್ತು. ಒಂದು ಬೆಳಿಗ್ಗೆ ಚೀಲ ಇಳಿಸಿ ತಾನೇ ಹತ್ತಿ ಕೂತ. ಕೆಂಚಿ ಕಿವಿ ಕೂಡ ಆಡಿಸಲಿಲ್ಲ. ಪ್ರತಿ ಪಾಠದ ಕೊನೆಗೆ ನೆನೆದ ಕಡಲೆ, ಬೆಲ್ಲ. ಅದಕ್ಕೊಂದು ನಿಯಮ ಅವನದು: ಕೆಲಸ ಎಲ್ಲಿ ಮುಗಿಯುತ್ತದೋ ಅಲ್ಲೇ ನಿಲ್ಲಿಸಿ ಕೊಡಬೇಕು, ಮನೆಗೆ ತಂದು ಕೊಡಬಾರದು. ಎಲ್ಲಿಗೆ ಹೋದರೆ ಮುಗಿಯುತ್ತದೆ ಎಂದು ಗೊತ್ತಾದರೆ ಕುದುರೆ ನೆಟ್ಟಗೆ ನಡೆಯುತ್ತದಂತೆ.

ಉಳಿದದ್ದು ಸಪ್ಪಳ. ಲಗ್ನದಲ್ಲಿ ತಮಟೆಯಂಥ ಹಲಗೆಯ ಬಡಿತ, ಪಟಾಕಿ, ನೂರಾರು ಮಂದಿ. ಈರಪ್ಪ ಸ್ಟೀಲ್ ತಾಟನ್ನು ದೂರದಲ್ಲಿ ಬಡಿದು ದಿನಕ್ಕೆ ನಾಲ್ಕು ಹೆಜ್ಜೆ ಹತ್ತಿರ ಬರುತ್ತಿದ್ದ. ಈ ಲೆಕ್ಕದಲ್ಲಿ ಲಗ್ನದ ಹಂಗಾಮು ಮುಗಿದೇ ಹೋಗುತ್ತದೆ ಅನ್ನಿಸಿತು ನನಗೆ.

ಒಂದು ದಿನ ನಾವು ಇದನ್ನೇ ಮಾತಾಡುತ್ತ ನಿಂತಾಗ ಊರಿನ ಒಬ್ಬ ಮುದುಕನ ಮಣ್ಣು, ಅಂದರೆ ಹೆಣದ ಮೆರವಣಿಗೆ, ಹೊರಟಿತು. ಈ ಭಾಗದ ಮಣ್ಣು ನೋಡದವರಿಗೆ ಹೇಳಬೇಕು. ಮುಂದೆ ಹಲಗೆ, ದಾರಿಯುದ್ದ ಪಟಾಕಿ, ಹೆಣದ ಮೇಲೆ ಹೂವು, ಚುರುಮುರಿ, ಚಿಲ್ಲರೆ ತೂರುವುದು, ಹಿಂದೆ ಊರೇ. ಕಣ್ಣು ಮುಚ್ಚಿ ಕೇಳಿದರೆ ಲಗ್ನವೋ ಮಣ್ಣೋ ಹೊರಗಿನವರಿಗೆ ತಿಳಿಯುವುದಿಲ್ಲ. ನನ್ನ ತಲೆಯಲ್ಲಿ ದೀಪ ಹತ್ತಿತು. ನಮಗೆ ಬೇಕಾದದ್ದೆಲ್ಲ ಎದುರಿಗೇ ಹೊರಟಿದೆ, ಅದೂ ಪುಕ್ಕಟೆ.

"ಈರಪ್ಪ, ಕೆಂಚೀನ ಹಿಡ್ಕೊಂಡು ಅದರ ಹಿಂದ ನಡಿ. ದೂರ ಇರು. ಪ್ರತಿ ಮಣ್ಣಿಗೂ ಜರಾ ಜರಾ ಹತ್ರ ಹೋಗು."

ಈರಪ್ಪ ನನ್ನ ಮುಖ ನೋಡಿದ. "ಹೆಣದ ಹಿಂದ್ರೀ?"

"ಕುದುರಿಗೇನ್ ಗೊತ್ತೈತೋ, ಹೆಣ ಅಂತ?"

ಹೋದ. ನೂರು ಹೆಜ್ಜೆ ಹಿಂದೆ ಕೆಂಚಿ ಬೆವರುತ್ತ ನಡೆಯಿತು. ಊರ ನಡುವೆ ನೀರಿನ ಟ್ಯಾಂಕಿಯ ಹತ್ತಿರ ದಾರಿ ಎರಡಾಗುತ್ತದೆ. ನೇರ ಹೋದರೆ ದೊಡ್ಡ ಓಣಿ. ಎಡಕ್ಕೆ ಹೋದರೆ ಹಳ್ಳದ ದಂಡೆಯ ಸುಡುಗಾಡು. ಯಾವ ಜಾತಿಯ ಹೆಣವಾದರೂ ಹಾದಿ ಅದೊಂದೇ, ಒಳಗೆ ಹೋದ ಮೇಲೆ ಜಾಗ ಬೇರೆ ಬೇರೆ. ಸುಡುಗಾಡಿನ ಬಾಗಿಲಲ್ಲಿ ಮಂದಿ ನಿಂತರು, ಸಪ್ಪಳ ನಿಂತಿತು. ಪಾಠ ಅಲ್ಲಿಗೆ ಮುಗಿಯಿತು. ಈರಪ್ಪ ತನ್ನ ನಿಯಮದಂತೆ ಅಲ್ಲೇ ಬೆಲ್ಲ ಕೊಟ್ಟ.

ಆ ಚಳಿಗೆ ಮುದುಕರು ಬಹಳ ಹೋದರು. ಆರನೆಯ ಮಣ್ಣಿಗೆ ಕೆಂಚಿ ಹಲಗೆಯವರ ಬೆನ್ನಿಗೇ ನಡೆಯಿತು. ಕಾಲಬುಡದಲ್ಲಿ ಪಟಾಕಿ ಹಾರಿದರೂ ಕಣ್ಣು ಪಿಳುಕಿಸಲಿಲ್ಲ. ನನಗೆ ಹಿಗ್ಗು. ಸತ್ತವರ ಮನೆಯವರಿಗೂ ಹಿಗ್ಗು, ತಮ್ಮ ಹಿರಿಯನ ಮಣ್ಣಿಗೆ ಕುದುರೆ ಬಂತೆಂದು. ಒಂದಿಬ್ಬರು ಬಾಡಿಗೆಗೇ ಕೇಳಿದರು. ಬಂದದ್ದನ್ನು ಬೇಡ ಅನ್ನುವುದು ನನ್ನ ಜಾಯಮಾನವಲ್ಲ, ಕಳಿಸಿದೆ. ಗಂಗಮ್ಮ ಮಾತ್ರ ಊಟಕ್ಕೆ ಬಡಿಸುತ್ತ ಕೇಳಿದಳು, "ಸುಡುಗಾಡದಾಗ ಸಾಲಿ ಕಲ್ತ ಕುದುರಿ ಮ್ಯಾಲ ನಿಮ್ಮ ಮಗನ್ನ ಕೂಡ್ರಸ್ತೀರೇನು?"

"ನಮ್ಮದು ವ್ಯಾಪಾರ ಲೇ," ಅಂದೆ. ಅವಳ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಯುಗಾದಿ ಕಳೆದ ಮೇಲೆ ಮುಕ್ಕುಂದದಿಂದ ಭತ್ತದ ದೊಡ್ಡ ರೈತರೊಬ್ಬರು ಮಗನ ಲಗ್ನಕ್ಕೆ ಕುದುರೆ ನೋಡಲು ಬಂದರು. ಚಹಾದಂಗಡಿಯಲ್ಲಿ ದಾರಿ ಕೇಳಿದ್ದಾರೆ. "ಯಾವ್ದು, ಹೆಣದ ಕುದುರೀನಾ?" ಅಂದನಂತೆ ಅಂಗಡಿಯವನು. ಅವರು ಬೈಕು ತಿರುಗಿಸಿ ಹೋದರು. ಆ ಎರಡು ಪದ ಸಿಂಧನೂರು, ಲಿಂಗಸುಗೂರು ಎರಡೂ ಕಡೆ ನನಗಿಂತ ಮೊದಲೇ ತಲುಪಿದವು. ಒಬ್ಬ ಗಿರಾಕಿಯೂ ಬರಲಿಲ್ಲ.

ಬಂದವನು ಯಲ್ಲಪ್ಪ ಒಬ್ಬನೇ. ಅದೇ ಊರಿನವನು. ಅವನ ಅಪ್ಪ, ಅಜ್ಜ ಎಲ್ಲ ಊರಿಗೆ ಹಲಗೆ ಬಡಿದವರು. ಅವನೂ ಬಡಿದವನೇ. ಬೌದ್ಧ ಧರ್ಮಕ್ಕೆ ಬಂದ ವರ್ಷ, ಇನ್ನು ಊರಿಗೆ ಬಡಿಯುವುದಿಲ್ಲ ಎಂದು ಹಲಗೆಯನ್ನು ಗೂಟಕ್ಕೆ ನೇತುಹಾಕಿದ. ಅಂದಿನಿಂದ ಊರವರು ಹಲಗೆಗೆ ಬೇರೆ ಕಡೆಯಿಂದ ಮಂದಿ ಕರೆಸುತ್ತಾರೆ. ಅವನ ಒಬ್ಬನೇ ಮಗ ಮಿಲಿಂದ ಹೈಸ್ಕೂಲ್ ಮಾಸ್ತರ.

"ನನ್ನ ಮಗನ ಲಗ್ನ ಐತಿ ಶೇಖ್ರಪ್ಪ. ಕುದುರಿ ಬೇಕು."

"ಊರಾಗ ಏನಂತಾರ ಕೇಳಿಯೇನು ಯಲ್ಲಪ್ಪಣ್ಣ?" ನಾನೇ ಕೇಳಿಬಿಟ್ಟೆ.

"ಕೇಳೀನಿ. ಹೆಣದ ಮುಂದ ನಾನೇ ಹುಟ್ಟಿದಾಗಿಂದ ನಡದೀನಿ. ನಾ ಹಾಳಾಗೀನೇನು? ನಾವು ಶಕುನ ನೋಡಂಗಿಲ್ಲ." ಆಮೇಲೆ ಹೇಳಿದ, "ಈ ಊರಾಗ ಎಲ್ಲಾರ ಲಗ್ನಕ್ಕೂ ಬಡದೀನಿ. ನನ್ನ ಲಗ್ನಕ್ಕ ದೊಡ್ಡ ಓಣಿ ಹಾದು ಬರಾಕ ಬಿಡಲಿಲ್ಲ. ನನ್ನ ಮಗ ಕುದುರಿ ಮ್ಯಾಲ ಆ ಓಣ್ಯಾಗ ಬರಬೇಕು. ಮುಂದ ನಾ ಹಲಗಿ ಬಡೀಬೇಕು. ಯಾರೂ ಹೇಳಿದ್ದಕ್ಕಲ್ಲ, ನನ್ನ ಖುಷಿಗೆ. ಒಮ್ಮಿ."

ಮುಂಗಡದ ಬಯಾನ ತೆಗೆದುಕೊಂಡೆ. ಲಗ್ನಕ್ಕೆ ಇನ್ನೂ ಒಂದು ತಿಂಗಳಿತ್ತು.

ಈರಪ್ಪನಿಗೆ ಹೇಳಿದಾಗ ಅವನು ಬೀಡಿ ಆರಿಸಿದ. "ಸಾವ್ಕಾರ್ರ, ಒಂದು ತಕರಾರು ಐತಿ. ಹಲಗಿ ಕೇಳಿದ್ರ ಅದು ಟ್ಯಾಂಕಿ ಕಡೆ ಬಂದು ಎಡಕ್ಕ ತಿರಗತೈತಿ. ನಾ ಎಳದ್ರೂ ಬರಂಗಿಲ್ಲ. ಬೆಲ್ಲ ಅಲ್ಲೇ ಕೊಟ್ಟೀನಲ್ರಿ. ನಂದೂ ತಪ್ಪೈತಿ."

"ಬಿಡಿಸು ಹಂಗಾದ್ರ."

"ಕಲಿಸಿದಂಗಲ್ರಿ ಬಿಡಿಸೋದು. ಎರಡು ತಿಂಗಳು ಕೊಡ್ರಿ. ಇಲ್ಲಾ ಯಲ್ಲಪ್ಪಗ ಇದ್ದದ್ದು ಹೇಳ್ರಿ."

"ಒಂದು ತಿಂಗಳದಾಗ ಮಾಡು. ಹೇಳೋದು ನನಗ ಬಿಡು."

ನಾನು ಹೇಳಲಿಲ್ಲ. ಬಂದ ಒಬ್ಬ ಗಿರಾಕಿಯ ಮುಂದೆ ಸರಕಿನ ಕೊರತೆ ಹೇಳುವ ರೂಢಿ ನನಗಿರಲಿಲ್ಲ. ಇವತ್ತು ವ್ಯಾಪಾರಕ್ಕೆ ಬರುವ ಹುಡುಗರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ದರದಲ್ಲಿ ಎಷ್ಟು ಬೇಕಾದರೂ ಗುದ್ದಾಡಿ, ಸರಕಿನ ಐಬು ಮಾತ್ರ ಮೊದಲೇ ಹೇಳಿ. ಅವತ್ತು ನನಗೆ ಅದನ್ನು ಹೇಳುವವನು ಈರಪ್ಪ ಒಬ್ಬನಿದ್ದ. ಅವನು ನನ್ನ ಪಗಾರದವನಾಗಿದ್ದ.

ಈರಪ್ಪ ಮತ್ತೆ ಮೊದಲಿನಿಂದ ಹಿಡಿದ. ಬಿಸಿಲು ಏರುವ ಮೊದಲೇ ಕೆಂಚಿಯನ್ನು ದೊಡ್ಡ ಓಣಿಗೆ ತರುವುದು, ದೂರದಲ್ಲಿ ತಾಟು ಬಡಿಸುವುದು, ಓಣಿಯ ಆ ತುದಿಯಲ್ಲಿ ಬೆಲ್ಲ. ಮರುದಿನ ಟ್ಯಾಂಕಿಗೆ ಹತ್ತು ಹೆಜ್ಜೆ ಹತ್ತಿರದಿಂದ ಶುರು. ಹದಿನೈದನೆಯ ದಿನ ತಾಟಿನ ಸಪ್ಪಳಕ್ಕೆ ಟ್ಯಾಂಕಿ ದಾಟಿ ನೇರ ಬಂತು. ಅವತ್ತು ಈರಪ್ಪ ನಕ್ಕದ್ದನ್ನು ನಾನು ನೋಡಿದೆ. ಬಾಯಲ್ಲಿ ಎರಡು ಹಲ್ಲಿರಲಿಲ್ಲ. "ನಾಳಿಂದ ಖರೇ ಹಲಗಿ ತರಸ್ರಿ," ಅಂದ.

ಮರುದಿನವೇ ಆ ಊರಿನ ದೊಡ್ಡ ಮನೆಯ ಅಜ್ಜಿ ತೀರಿಕೊಂಡಳು. ನಾಲ್ಕು ಮೊಮ್ಮಕ್ಕಳ ಲಗ್ನ ಬಾಕಿ ಇದ್ದ ಮನೆ, ಎಲ್ಲಕ್ಕೂ ಪೆಂಡಾಲು ನನ್ನದೇ ಆಗಬೇಕಿತ್ತು. ಮಣ್ಣಿಗೆ ಕುದುರೆ ಬೇಕು ಅಂದರು. ಈರಪ್ಪನಿಗೆ ಫೋನು ಮಾಡಿದೆ.

"ಬ್ಯಾಡ್ರಿ. ಕೈ ಮುಗೀತೀನಿ. ಎಲ್ಲಾ ಹೋಗತೈತಿ."

"ಇದೊಂದಾ ಸಲ ಈರಪ್ಪ."

ಅವನು ಫೋನು ಇಟ್ಟ. ಕೆಂಚಿಯನ್ನು ತಂದ. ಆ ಕಡೆ ಹಲಗೆ ಎದ್ದಿತು, ಈ ಕಡೆ ಕೆಂಚಿಯ ಕಿವಿ ಎದ್ದವು. ಹದಿನೈದು ದಿನದ್ದು ಅರ್ಧ ತಾಸಿನಲ್ಲಿ ಹೋಯಿತು. ಸುಡುಗಾಡಿನ ಬಾಗಿಲಲ್ಲಿ ಈರಪ್ಪ ಬೆಲ್ಲ ಕೊಡಲಿಲ್ಲ. ಕೆಂಚಿ ಅವನ ಜೇಬು ಮೂಸುತ್ತ ನಿಂತಿತು, ತಾನು ಏನು ತಪ್ಪು ಮಾಡಿದೆ ಎಂದು ಕೇಳುವಂತೆ. ಉಳಿದ ದಿನಗಳಲ್ಲಿ ಅವನು ಏನೇನೋ ಮಾಡಿದ. ಖರೇ ಹಲಗೆಗೆ ಒಂದು ಸಲವೂ ನೇರ ಬರಲಿಲ್ಲ. ಲಗ್ನದ ಹಿಂದಿನ ದಿನ ನಾನು ಅವನಿಗೆ ಹೇಳಿದ್ದು ನೆನಪಿದೆ, "ಇಬ್ಬರು ಗಟ್ಟಿ ಹಿಡೀರಿ, ಬರ್ತೈತಿ."

ಲಗ್ನದ ದಿನ ಕಲ್ಲು ಕಾಯ್ದು ಕಾಲು ಸುಡುವ ಬಿಸಿಲು. ಸಂಜೆ ಐದಕ್ಕೆ ಮೆರವಣಿಗೆ ಹೊರಟಿತು. ಬಿಳಿ ಬಟ್ಟೆ ಉಟ್ಟ ಹೆಣ್ಣುಮಕ್ಕಳು, ಹೂವು ಹಾಕಿದ ಬುದ್ಧನ ಪಟ, ಕೆಂಪು ಮಖಮಲ್ಲಿನ ಮೇಲೆ ಕನ್ನಡಕ ಹಾಕಿದ ಮಿಲಿಂದ. ಅವನಿಗೆ ಕುದುರೆ ಬೇಕಿರಲಿಲ್ಲ, ಅಪ್ಪನ ಸಲುವಾಗಿ ಹತ್ತಿದ್ದ. ಎರಡೂ ಕೈಯಲ್ಲಿ ಜೀನು ಹಿಡಿದಿದ್ದ. "ಸರ್ರ, ಇದಕ್ಕ ಬ್ರೇಕ್ ಎಲ್ಲಿ ಐತ್ರಿ?" ಅಂತ ಅವನ ಹೈಸ್ಕೂಲಿನ ಜೊತೆ ಮಾಸ್ತರರು ಕಾಡುತ್ತಿದ್ದರು. ಮುಂದೆ ಯಲ್ಲಪ್ಪ. ಹೊಸ ಅಂಗಿ, ಎದೆಗೆ ಹಲಗೆ. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ್ದ. ಅವನು ಬಡಿದದ್ದನ್ನು ನಾನು ಮೊದಲ ಸಲ ಕೇಳಿದ್ದು ಅವತ್ತೇ. ಕೇಳಿದವರ ಭುಜ ತಾನಾಗಿ ಕುಣಿಯುತ್ತಿತ್ತು.

ಟ್ಯಾಂಕಿಯ ಹತ್ತಿರ ಕೆಂಚಿ ಎಡಕ್ಕೆ ತಿರುಗಿತು.

ಈರಪ್ಪ ಜಗ್ಗಿದ. ಇನ್ನೊಬ್ಬ ಕೊರಳಿಗೆ ಬಿದ್ದ. ಮದುಮಗನನ್ನು ಹೊತ್ತು ಕೆಂಚಿ ಶಾಂತವಾಗಿ, ಕಲಿಸಿದ ಹಾಗೆ, ಸುಡುಗಾಡಿನ ದಾರಿಯಲ್ಲಿ ಹೆಜ್ಜೆ ಇಡುತ್ತಿತ್ತು. ಸುತ್ತು ಹಾಕಿಸಿ ಹಿಂದಕ್ಕೆ ತಂದರು. ಯಲ್ಲಪ್ಪ ಬಡಿತ ಬದಲಿಸಿದ. "ಇದು ಲಗ್ನದ ಬಡತ ಐತಿ ನನ್ನವ್ವಾ, ಕೇಳು," ಅಂತ ಕುದುರೆಗೇ ಹೇಳಿದ. ಅದಕ್ಕೆ ಎರಡೂ ಒಂದೇ. ಮತ್ತೆ ಎಡಕ್ಕೆ. ದೊಡ್ಡ ಓಣಿಯ ಕಟ್ಟೆಯ ಮೇಲೆ ಕೂತ ಮಂದಿ ಆಗಲೇ ನಗುತ್ತಿದ್ದರು. ಅದರೊಳಗಿಂದ ಒಂದು ದನಿ ಬಂತು, "ಜಗ್ಗಬ್ಯಾಡ್ರೋ, ಅವರ ಹಾದಿ ಕುದುರಿಗೂ ಗೊತ್ತೈತಿ."

ನಗು ದೊಡ್ಡದಾಯಿತು. ಬಿಳಿ ಬಟ್ಟೆಯ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಹತ್ತಿರ ಸರಿದು ನಿಂತರು. ನಾನು ಜನರೇಟರ್ ಗಾಡಿಯ ಹಿಂದೆ ಇದ್ದೆ. ಅಲ್ಲಿಂದ ಕದಲಲಿಲ್ಲ.

ಈರಪ್ಪ ಯಲ್ಲಪ್ಪನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ, "ಯಲ್ಲಪ್ಪಾ, ಹಲಗಿ ನಿಂದ್ರಸು. ಹಲಗಿ ಇಲ್ಲಂದ್ರ ನೆಟ್ಟಗ ಬರ್ತೈತಿ."

ಮಿಲಿಂದ ಮೇಲಿನಿಂದ ಬಗ್ಗಿದ. "ಅಪ್ಪಾ, ನಾ ಇಳೀತೀನಿ. ನೀ ಬಡಿ. ನಡಕೊಂತ ಹೋಗೂಣು."

ಯಲ್ಲಪ್ಪ ಓಣಿ ನೋಡಿದ, ಕಟ್ಟೆ ನೋಡಿದ, ಮಗನನ್ನು ನೋಡಿದ. "ಇಳಿಬ್ಯಾಡ," ಅಂದ. ಎರಡೂ ಕಡ್ಡಿಗಳನ್ನು ಅಂಗಿಯ ಜೇಬಿಗೆ ಇಳಿಸಿದ. ಹಲಗೆಯ ಮೇಲೆ ಅಂಗೈ ಇಟ್ಟ, ಅದು ತಾನಾಗಿಯೂ ನುಡಿಯಬಾರದು ಎನ್ನುವ ಹಾಗೆ.

ಕೆಂಚಿ ಈರಪ್ಪನ ಹಿಂದೆ ನೇರ ನಡೆಯಿತು. ದೊಡ್ಡ ಓಣಿಯಲ್ಲಿ ಆ ಮೆರವಣಿಗೆ ಹಾಯುವಾಗ ಗೊರಸಿನ ಸಪ್ಪಳ, ಚಪ್ಪಲಿಗಳ ಸಪ್ಪಳ ಬಿಟ್ಟು ಇನ್ನೇನಿರಲಿಲ್ಲ. ಪಟಾಕಿಯನ್ನೂ ಹಚ್ಚಲಿಲ್ಲ. ಕಟ್ಟೆಯವರ ನಗು ನಿಂತಿತ್ತು. ಮರ್ಯಾದೆಗಲ್ಲ, ಅಷ್ಟು ಮಂದಿ ಅಷ್ಟು ಸುಮ್ಮನೆ ಬಂದದ್ದು ನೋಡಿ ಅವರಿಗೆ ಏನೋ ಆಯಿತು. ಮಿಲಿಂದ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ. ಮುಂದೆ ಯಲ್ಲಪ್ಪ, ಎದೆಯ ಮೇಲಿನ ಹಲಗೆಗೆ ಕೈ ಒತ್ತಿಕೊಂಡು, ತಲೆ ಎತ್ತಿಯೇ ನಡೆದ. ಲಗ್ನದ ಮೆರವಣಿಗೆಗಳಲ್ಲೇ ನನ್ನ ಆಯುಷ್ಯ ಕಳೆದಿದೆ. ಅಂಥದ್ದು ಇನ್ನೊಂದು ನೋಡಿಲ್ಲ.

ಪೆಂಡಾಲಿನಲ್ಲಿ ಅವನ ಹತ್ತಿರ ಹೋದೆ. "ಯಲ್ಲಪ್ಪಣ್ಣ, ಬಾಡಿಗಿ ಬ್ಯಾಡ ನನಗ," ಅಂದೆ. ನನಗೆ ಗೊತ್ತಿದ್ದದ್ದು ಅದೊಂದೇ ಭಾಷೆ.

"ನಿನಗ ಮೊದಲ ಗೊತ್ತಿತ್ತೇನು?" ಅಂತ ಕೇಳಿದ.

ಸುಳ್ಳು ಹೇಳಬಹುದಿತ್ತು. ಈರಪ್ಪ ಪಕ್ಕದಲ್ಲೇ ನಿಂತಿದ್ದ. "ಗೊತ್ತಿತ್ತು," ಅಂದೆ.

ಅವನು ಬೈಯಲಿಲ್ಲ. ಹೆಂಡತಿಯನ್ನು ಕರೆದು ಬಾಡಿಗೆಯ ರೊಕ್ಕ ತರಿಸಿ, ಪೂರಾ ನನ್ನ ಕೈಗಿಟ್ಟ. "ಊಟ ಮಾಡಿ ಹೋಗು," ಅಂದ. ಕೂತು ಉಂಡೆ. ಅದಕ್ಕಿಂತ ಕಷ್ಟದ ಊಟ ಗಿರಣಿಯ ದಿನಗಳಲ್ಲೂ ಉಂಡಿರಲಿಲ್ಲ.

ಮರುದಿನದಿಂದ ಈರಪ್ಪ ನನ್ನ ಪಗಾರ ಮುಟ್ಟಲಿಲ್ಲ. ಕೆಂಚಿಯನ್ನು ಮಾತ್ರ ಬಿಡಲಿಲ್ಲ. ಮಳೆ ಬಂತು, ಹಳ್ಳ ತುಂಬಿತು, ಎರೆಮಣ್ಣು ಮೊಣಕಾಲಿಗೆ ಅಂಟುವ ದಿನಗಳಲ್ಲೂ ಅವನು ದೂರದಿಂದ ತಾಟು, ಹತ್ತಿರದಿಂದ ತಾಟು, ಆಮೇಲೆ ಹಲಗೆ ಅಂತ ಮತ್ತೆ ನಾಲ್ಕು ನಾಲ್ಕು ಹೆಜ್ಜೆ ನಡೆಸಿದ. ಸುಡುಗಾಡಿಗೆ ಕುದುರೆ ಕೇಳಿ ಬಂದವರನ್ನು ಈ ಸಲ ನಾನೇ ವಾಪಸು ಕಳಿಸಿದೆ. ಆ ಸಿಟ್ಟಿಗೆ ದೊಡ್ಡ ಮನೆಯವರು ಪೆಂಡಾಲನ್ನು ಬೇರೆಯವರಿಗೆ ಕೊಟ್ಟರು, ಕೊಡಲಿ. ಶ್ರಾವಣ ಮುಗಿಯುವ ಹೊತ್ತಿಗೆ ಖರೇ ಹಲಗೆಗೆ ಕೆಂಚಿ ಟ್ಯಾಂಕಿ ದಾಟಿ ನೇರ ಬಂದಿತು. ಒಂದು ದಿನವಲ್ಲ, ಹತ್ತು ದಿನ.

ಆಗ ಈರಪ್ಪ ಹೇಳಿದ, "ಯಲ್ಲಪ್ಪನ್ನ ಒಮ್ಮಿ ಕರೀರಿ. ಅವನ ಕೈ ಬಡತಕ್ಕ ಬರ್ತೈತೋ ಇಲ್ಲೋ ನೋಡಬೇಕು."

ನಾನೇ ಹೋದೆ. ಯಲ್ಲಪ್ಪ ಹೊರಗೆ ಕೂತು ತೊಗರಿ ಹಸನು ಮಾಡುತ್ತಿದ್ದ. ಮಿಲಿಂದ, ಸೊಸೆ ಇಬ್ಬರೂ ಶಾಲೆಗೆ ಹೋಗಿದ್ದರು. ಕುಂದ್ರು ಅಂದ, ನೀರು ಕೊಟ್ಟ. ವಿಷಯ ಹೇಳಿದೆ. ಕುದುರೆ ಈಗ ಬರೋಬ್ಬರಿ ಆಗಿದೆ, ಎಡಕ್ಕೆ ಹೊರಳುವುದಿಲ್ಲ, ನೀನು ಒಮ್ಮೆ ಬಂದು ಬಡಿದರೆ ಸಾಕು, ದೊಡ್ಡ ಓಣಿಯಲ್ಲೇ ನಡೆಸೋಣ ಎಂದೆ. ನನ್ನ ದನಿಯಲ್ಲಿ ಹುರುಪಿತ್ತು. ಕೆಟ್ಟದ್ದನ್ನು ರಿಪೇರಿ ಮಾಡಿ ತಂದವನ ಹುರುಪು.

ಅವನು ಮೊರದಲ್ಲಿದ್ದ ತೊಗರಿಯನ್ನು ಇನ್ನೊಂದು ಸಲ ಕೇರಿದ. ಕಲ್ಲೊಂದನ್ನು ಆರಿಸಿ ಆಚೆ ಒಗೆದ. ಆಮೇಲೆ ನನ್ನ ಕಡೆ ನೋಡಿ ಸಿಟ್ಟಿಲ್ಲದ ದನಿಯಲ್ಲೇ ಕೇಳಿದ:

"ಈಗ ಯಾರ ಲಗ್ನ ಐತಿ?"